ರಾಹುಕಾಲ ಕಳೆದ ಮೇಲೆ ಉಳಿದದ್ದು

ದೀಪ್ತಿ ಎಲ್ಲಿ ಹೋದರೂ ಅವಳಿಗಿಂತ ಮುಂಚೆ ಹುರಿದ ಕೊತ್ತಂಬರಿ ಬೀಜದ ವಾಸನೆ ಹೋಗಿ ಮುಟ್ಟುತ್ತಿತ್ತು. ಚಾಮರಾಜಪೇಟೆಯ ಸಾರಿನ ಪುಡಿ ಕಂಪನಿಯಲ್ಲಿ ಹುರಿಯುವ ವಿಭಾಗ ಅವಳದು. ಎಷ್ಟು ಶಾಂಪೂ ಹಾಕಿ ತಿಕ್ಕಿದರೂ ಕೂದಲನ್ನು ಅದು ಬಿಡದು. ಮಗಳು ಆರಾಧನಾ ಅದನ್ನು ಮೂಸದೆ ಮಲಗಳು.

ಆ ವಿಭಾಗವನ್ನು ಊರಾಚೆ ದಾಬಸ್‌ಪೇಟೆಯ ಹೊಸ ಫ್ಯಾಕ್ಟರಿಗೆ ಸಾಗಿಸಲು ಡೈರೆಕ್ಟರುಗಳು ಹೊರಟಿದ್ದರು. ಅಷ್ಟು ದೂರ ಹೋದರೆ ಹನುಮಂತನಗರದ ಮನೆಯಲ್ಲಿ ಪುಟ್ಟ ಮಗು, ಮಂಡಿನೋವಿನ ಅತ್ತೆ, ಇವರನ್ನು ನೋಡುವವರು ಯಾರು? ಕೆಲಸ ಬಿಡಬೇಕು, ಅಷ್ಟೆ. ಬೇಡವೆನ್ನಲು ಅವಳಿಗೆ ಸಿಕ್ಕಿದ್ದು ಬೋರ್ಡಿನ ಮುಂದೆ ಒಂದು ಗಂಟೆ.

ಅಕೌಂಟ್ಸಿನ ಕಶ್ಯಪ್ ಸ್ಲೈಡು ಮಾಡಿಕೊಟ್ಟ. "ಕಥೆ ಥರ ಕಟ್ಕೊಂಡು ಹೋಗು. ಮೊದ್ಲು ಕಂಪನಿ ಹಿಸ್ಟರಿ, ಆಮೇಲೆ ಮಾರ್ಕೆಟ್ಟು. ಕೇಳೋದನ್ನ ಕೊನೇಲಿ ಕೇಳು." ಶುಕ್ರವಾರ ಹತ್ತೂವರೆ ಅಂತ ಗೊತ್ತುಮಾಡಿದವನೂ ಅವನೇ. ಮಗುವಿನ ಲಸಿಕೆಗಲ್ಲದೆ ಇನ್ಯಾತಕ್ಕೂ ಕ್ಯಾಲೆಂಡರ್ ನೋಡದ ದೀಪ್ತಿಗೂ ಏನೂ ಹೊಳೆಯಲಿಲ್ಲ.

ಆ ಬೆಳಿಗ್ಗೆ ಮಗುವಿನ ಮೈ ಸುಡುತ್ತಿತ್ತು. ಅತ್ತೆಯ ಮಡಿಲಲ್ಲಿ ಹಾಕಿ ಓಡಿಬಂದರೆ, ಚೇರ್ಮನ್ ವಿಶ್ವಾರಾಧ್ಯರು ಗಡಿಯಾರ ನೋಡಿ ಕಾಫಿ ತರಿಸಿದರು.

"ರಾಹುಕಾಲದಲ್ಲಿ ಶುರು ಮಾಡೋ ಪೈಕಿ ಅಲ್ಲಮ್ಮ ನಾವು. ಹನ್ನೆರಡಾಗ್ಲಿ, ಕೂತ್ಕೋ."

"ಏನ್ ಗುರು, ಇಷ್ಟೂ ನೋಡ್ಬಾರ್ದಿತ್ತಾ?" ಎಂದು ಅವಳು ಪಕ್ಕದಲ್ಲಿ ಕೂತಿದ್ದ ಕಶ್ಯಪ್‌ಗೆ ಪಿಸುಗುಟ್ಟಿದಳು.

"ನಿಮ್ಮನೇಲೂ ಕ್ಯಾಲೆಂಡರ್ ಇದ್ಯಲ್ಲ," ಎಂದ ಕಶ್ಯಪ್.

ಜಗಳಕ್ಕೂ ಶಕ್ತಿ ಬೇಕು. ಡೈರೆಕ್ಟರುಗಳು ಯಾರದೋ ಮದುವೆಯ ಹೋಳಿಗೆಯ ಗುಣದೋಷ ವಿಚಾರಿಸುತ್ತಿದ್ದರು. ದೀಪ್ತಿ ಫೋನು ನೋಡುತ್ತ, ಜ್ವರ ಎಷ್ಟು ಏರಿರಬಹುದೆಂದು ಲೆಕ್ಕ ಹಾಕುತ್ತ ಕೂತಳು.

ಹನ್ನೆರಡು ಹೊಡೆಯಿತು. "ಬೇಗ ಮುಗಿಸು ತಾಯಿ, ಇನ್ನೇನು ಎಲೆ ಹಾಕ್ತಾರೆ," ಎಂದರು ಚೇರ್ಮನ್ನರು.

ಮೊದಲ ಸ್ಲೈಡಿನಲ್ಲಿ ಸ್ಥಾಪಕರ ಫೋಟೋ. "ಇದು ನಮ್ಮಪ್ಪ. ನಮಗೆ ಗೊತ್ತು," ಎಂದರು ಚೇರ್ಮನ್ನರ ಅಕ್ಕ, ಡೈರೆಕ್ಟರ್ ಗುರುಬಸಮ್ಮ. "ನಿನಗೇನ್ ಬೇಕು, ಅದ್ ಹೇಳು."

ದೀಪ್ತಿ ರಿಮೋಟನ್ನು ಮೇಜಿನ ಮೇಲಿಟ್ಟಳು. "ಹುರಿಯೋದನ್ನ ಇಲ್ಲೇ ಬಿಡಿ ಅಮ್ಮ. ಹುರಿಯೋ ಹೆಂಗಸ್ರೆಲ್ಲ ಅಕ್ಕಪಕ್ಕದವ್ರು, ಅಷ್ಟು ದೂರ ಬರಲ್ಲ. ದೀಪಾವಳಿಗೆ ಅಲ್ಲಿ ಹೊಸಬರ ಕೈಲಿ ಹುರಿಸಿದ್ರಲ್ಲ, ಸೀದಿದೆ ಅಂತ ಅಂಗಡಿಯಿಂದ ವಾಪಸ್ ಬಂದಿದ್ದು ಆ ಪುಡೀನೇ."

"ನೀನು ಬರ್ತೀಯಾ ಅಲ್ಲಿಗೆ?"

"ಆಗಲ್ಲ. ಮಗು ಚಿಕ್ಕದು."

"ಹಂಗಾದ್ರೆ ಇದೆಲ್ಲ ಕಂಪನಿಗೋ, ನಿನಗೋ?"

ಕಶ್ಯಪ್ ತಲೆ ತಗ್ಗಿಸಿದ. ಸುಳ್ಳು ಜೋಡಿಸಲು ದೀಪ್ತಿಗೆ ತ್ರಾಣವಿರಲಿಲ್ಲ. "ಎರಡಕ್ಕೂ ಅಮ್ಮ."

ಗುರುಬಸಮ್ಮ ಅವಳನ್ನೇ ನೋಡಿದರು. ಆಮೇಲೆ ತಮ್ಮನ ಕಡೆ ತಿರುಗಿದರು. "ಒಂದ್ ವರ್ಷ ಇಲ್ಲೇ ಇರ್ಲಿ ಬಿಡೋ. ಸೀದ ಪುಡಿ ಮಾರಿ ಅಪ್ಪನ ಹೆಸರು ಯಾಕೆ ಕೆಡಿಸ್ಬೇಕು?"

"ಇರ್ಲಿ," ಎಂದರು ವಿಶ್ವಾರಾಧ್ಯರು, ಮಿಕ್ಕವರೂ ತಲೆಯಾಡಿಸಿದ ಮೇಲೆ. "ಆದ್ರೆ ಮೂರ್ ತಿಂಗಳಿಗೊಂದ್ಸಲ ನೀನೇ ಬಂದು, ಹಿಂಗೇ ನಿಂತು, ಹೆಂಗೆ ನಡೀತಿದೆ ಹೇಳ್ಬೇಕು."

ಅಂಗಳಕ್ಕೆ ಬಂದು ಮನೆಗೆ ಫೋನು ಮಾಡಿದಳು. ಅತ್ತೆ ಅಲಮೇಲು ಎತ್ತಿಕೊಂಡರು.

"ಜ್ವರ ಹೇಗಿದೆ ಅತ್ತೆ?"

"ಇಳೀತು, ಮಲಗಿದಾಳೆ. ನಿನ್ನ ಕೆಲಸ?"

"ಉಳೀತು. ಮೂರ್ ತಿಂಗಳಿಗೆ ಮತ್ತೆ ನಿಲ್ಬೇಕಂತೆ."

"ನಿಲ್ಲೋಣಂತೆ. ದಿನ ಮಾತ್ರ ನನ್ನ ಕೇಳಿ ಇಡು."

ದೀಪ್ತಿ ನಗಲು ಹೋದಳು. ಹುರಿಯುವ ವಿಭಾಗದಲ್ಲಿ ಆಗಲೇ ಮೆಣಸಿನಕಾಯಿ ಬಾಣಲೆಗೆ ಬಿದ್ದಿತ್ತು; ಘಾಟಿಗೆ ಬರೀ ಕೆಮ್ಮು ಬಂತು.