ಉಷ್ಣ ಎಂದೆ

ಕೆಲವು ವಿವರಗಳಲ್ಲಿ ನನ್ನ ನೆನಪು ತಪ್ಪಿರಬಹುದು — ಅಂದು ಗುರುವಾರವೋ ಶುಕ್ರವಾರವೋ — ಆದರೆ ಇದೊಂದರಲ್ಲಿ ಇಲ್ಲ: ನನ್ನ ತಮ್ಮ ಸುಧಾಕರನಿಗೆ ವಿಕಿರಣ ತಗುಲಿದ್ದು ನನಗೆ ಗೊತ್ತಿತ್ತು. ಡಾಕ್ಟರ್ ಕೇಳಿದಾಗ ಮುಚ್ಚಿಟ್ಟೆ.

ಪೈಪುಗಳ ವೆಲ್ಡಿಂಗಿನಲ್ಲಿ ಬಿರುಕಿದೆಯೇ ಎಂದು ಗಾಮಾ ಕಿರಣದಿಂದ ನೋಡುವುದು ಅವನ ಕೆಲಸ. ಕಿರಣ ಸೂಸುವ ತುಣುಕಿಗೆ ಅವರು 'ಸೋರ್ಸ್' ಎನ್ನುತ್ತಾರೆ. ಮನೆ ಅಬುಧಾಬಿಯಲ್ಲಿ, ಆ ವಾರ ದುಬೈಯ ಸೈಟಿಗೆಂದು ಬಂದು ಅಲ್ಲಿನ ಮಿರ್ದಿಫ್‌ನ ನಮ್ಮ ಮನೆಯಲ್ಲಿದ್ದ. ಒಂದು ಸಂಜೆ ಬಂದವನೇ ವಾಂತಿ ಮಾಡಿಕೊಂಡ.

"ಸೋರ್ಸ್ ಪೆಟ್ಟಿಗೆಯೊಳಗೆ ಹೋಗ್ಲೇ ಇಲ್ಲ ಅಕ್ಕ. ಫೋರ್‌ಮನ್ ಯಲ್ಲಾ ಯಲ್ಲಾ, ಬೇಗ ಬೇಗ ಅಂತ ಬೊಬ್ಬೆ... ಕೈಯಲ್ಲೇ ತಳ್ಳಿದೆ. ಶೋಭಾಗೆ ಹೇಳ್ಬೇಡ ಮಾರಾಯ್ತಿ. ಕಂಪನಿಗೆ ಗೊತ್ತಾದ್ರೆ ವೀಸಾ ಖಲಾಸ್."

ನಾನು ಪ್ರಾಣಿಶಾಸ್ತ್ರ ಓದಿದವಳು, ವಿಕಿರಣ ಅಪಾಯವೆಂದು ತಿಳಿಯದವಳಲ್ಲ. ಆದರೂ ಎರಡು ದಿನಕ್ಕೆ ಅವನು ಚೇತರಿಸಿಕೊಂಡಂತೆ ಕಂಡು ಅಬುಧಾಬಿಗೆ ಹೊರಟಾಗ — ಈ ಕಾಯಿಲೆ ನಡುವೆ ಸುಮ್ಮನಾಗಿ ಮೋಸ ಮಾಡುತ್ತದೆಂದು ಆಮೇಲೆ ತಿಳಿಯಿತು — ಅವನ ಹೆಂಡತಿ ಶೋಭಾಳಿಗೆ ಫೋನಿನಲ್ಲಿ ಹೇಳಿದೆ: "ಉಷ್ಣ ಆದದ್ದು, ಅಷ್ಟೆ. ಪುನರ್ಪುಳಿ ಶರಬತ್ತು ಕೊಡು."

ಕೆಲವು ವಾರಗಳಲ್ಲಿ ಜ್ವರ, ಬಾಯಿತುಂಬ ಹುಣ್ಣು, ಮಾತೇ ಹೊರಡದು. ಆಸ್ಪತ್ರೆಯಲ್ಲಿ ಡೆಂಗ್ಯೂ ಇರಬಹುದೆಂದರು. ಕೆಲಸದ ಜಾಗದಲ್ಲಿ ಏನಾದರೂ ಆಗಿತ್ತೇ ಎಂದು ಡಾಕ್ಟರ್ ಕೇಳಿದಾಗ ಶೋಭಾ ನನ್ನ ಮುಖ ನೋಡಿದಳು.

"ಎಂತದೂ ಇಲ್ಲ," ಎಂದೆ.

ಬೆರಳುಗಳ ಚರ್ಮ ಸುಲಿದದ್ದು ಕಂಡು ಡಾಕ್ಟರೇ ನಿಜ ಹಿಡಿದರು. ಬಿಳಿ ರಕ್ತಕಣಗಳು ಹೆಚ್ಚುಕಡಿಮೆ ಉಳಿದಿರಲೇ ಇಲ್ಲ. ಅವನ್ನು ಹುಟ್ಟಿಸುವ ಮೂಳೆಮಜ್ಜೆಯೇ ಹಾಳಾಗಿತ್ತು. ಸಣ್ಣ ಸೋಂಕನ್ನೂ ತಡೆಯುವವರು ಒಳಗೆ ಯಾರೂ ಇಲ್ಲ. ಪ್ರತ್ಯೇಕ ಕೋಣೆ, ಆ್ಯಂಟಿಬಯೊಟಿಕ್, ಮಜ್ಜೆಯನ್ನು ಎಚ್ಚರಿಸುವ ಇಂಜೆಕ್ಷನ್ — ಕೊನೆಗೆ ನನ್ನ ಮಜ್ಜೆ ಹೊಂದುತ್ತದೆಂದು ಅದನ್ನೂ ಕೊಟ್ಟರು.

"ಈ ಇಂಜೆಕ್ಷನ್ ಮೊದಲ ದಿನಗಳಲ್ಲೇ ಶುರುವಾಗಬೇಕಿತ್ತು," ಎಂದರು ಡಾಕ್ಟರ್.

ಮೊದಲ ದಿನಗಳಲ್ಲಿ ನಾನು ಅವನಿಗೆ ಶರಬತ್ತು ಕೊಡು ಎಂದು...

ನನ್ನ ಮಜ್ಜೆ ಅವನಲ್ಲಿ ಕೆಲಸ ಶುರುಮಾಡುವ ಮೊದಲೇ ಸೋಂಕು ಅವನನ್ನು ಕೊಂದಿತು.

ಅಂದಿನಿಂದ ಶೋಭಾ ನನ್ನನ್ನು ಪರಿಚಯಿಸುವುದೇ "ನಮ್ಮ ಅತ್ತಿಗೆ, ಅವರಿಗೆ ಮಜ್ಜೆ ಕೊಟ್ಟವರು" ಎಂದು. ಕಳೆದ ವಾರ ಅಬುಧಾಬಿಯ ಟೂರಿಸ್ಟ್ ಕ್ಲಬ್ ಏರಿಯಾದ ಅವಳ ಫ್ಲ್ಯಾಟಿಗೆ ಹೋಗಿ ಎಲ್ಲ ಹೇಳಿದೆ. ತಮ್ಮ ಬೇಡಿಕೊಂಡಿದ್ದನ್ನು ನೆಪ ಮಾಡಲಿಲ್ಲ — ಮಾಡಲಿಲ್ಲವೆಂದೇ ನಂಬಿದ್ದೇನೆ. ಅವಳು ಪಾತ್ರೆ ತೊಳೆಯುತ್ತಲೇ ಇದ್ದಳು. ಒಳಗಿನಿಂದ ಅವಳ ಮಗಳು ಕೂಗಿದಳು: "ಅತ್ತೆ, ಆರ್ ಯೂ ಸ್ಟೇಯಿಂಗ್ ಫಾರ್ ಡಿನ್ನರ್?"

ನಾನು ದನಿ ತಗ್ಗಿಸಿ ಶೋಭಾಳನ್ನು ಕೇಳಿದೆ: "ಇವಳಿಗೆ ನಾನು ಹೇಳ್ಲಾ, ನೀನೇ ಹೇಳ್ತೀಯಾ?"