ಅವ್ವನಿಗೆ ಹಚ್ಚದ ಕಸ್ತೂರಿ

ಖುರ್ಷೀದ್ ಆಪಾ ಲಿಫ್ಟಿನಿಂದ ಇಳಿದು ಹತ್ತು ನಿಮಿಷವಾದರೂ ಲಿಫ್ಟು ಅವರನ್ನು ಇಳಿಸುತ್ತಿರಲಿಲ್ಲ. ನೆರೂಳದ ನಮ್ಮ ಸೊಸೈಟಿಯಲ್ಲಿ ಅವರ ಹಿಂದೆ ಹತ್ತಿದವರೆಲ್ಲ ಒಮ್ಮೆ ಮೂಗು ಮೇಲೆತ್ತಿ, ಆಪಾ ಈಗಷ್ಟೇ ಹೋದರು ಎನ್ನುತ್ತಿದ್ದರು. ಭರ್ರೆಂದು ಮೂಗಿಗೆ ಹೊಡೆಯುವ ಸೆಂಟಿನ ವಾಸನೆಯಲ್ಲ ಅದು. ಬಿಸಿಲಿಗೆ ಒಣಗಿದ ಹಳೆಯ ಧೋತರ ಮಡಚುವಾಗ ಬರುತ್ತದಲ್ಲ, ಅಂಥ ಮೆತ್ತನೆಯ ವಾಸನೆ. ಅದರಡಿಯಲ್ಲಿ ಒಂದಿಷ್ಟು ಗುಲಾಬಿ, ಒಂದಿಷ್ಟು ಸುಟ್ಟ ಕಟ್ಟಿಗೆ.

ಆಪಾ ವಿಜಾಪುರದ ಕಡೆಯವರು. ಗಂಡ ತೀರಿಕೊಂಡ ಮೇಲೆ ಮಸ್ಕತ್ತಿನ ಒಂದು ಮನೆಯಲ್ಲಿ ಹನ್ನೆರಡು ವರ್ಷ ಒಬ್ಬ ಮುದುಕಿಯನ್ನು ನೋಡಿಕೊಂಡಿದ್ದರು. ನಮ್ಮಲ್ಲಿ ಮನೆಗೊಂದು ಮಸಾಲೆಪುಡಿ ಇದ್ದ ಹಾಗೆ ಅಲ್ಲಿಯ ಹೆಂಗಸರು ತಮ್ಮ ಮನೆಯ ಅತ್ತರನ್ನು ತಾವೇ ಬೆರೆಸಿಕೊಳ್ಳುತ್ತಾರಂತೆ. ಮುದುಕಿ ಕಲಿಸಿದ ಆ ವಿದ್ಯೆಯನ್ನು ಹೊತ್ತುಕೊಂಡು ಆಪಾ ಮಗನ ಫ್ಲ್ಯಾಟಿಗೆ, ಅಂದರೆ ನಮ್ಮ ಎದುರು ಬಾಗಿಲಿಗೆ ಬಂದರು. ಸಾಸಿವೆ ಜೀರಿಗೆ ಇರಬೇಕಾದ ಅವರ ಸ್ಟೀಲಿನ ಮಸಾಲೆ ಡಬ್ಬಿಯಲ್ಲಿ ಏಳು ಪುಟ್ಟ ಬಾಟಲಿ. ನಡುವಿನದು ಕಸ್ತೂರಿ. ಜಿಂಕೆಯದೇ ಎಂದು ನಾನು ಗಾಬರಿಯಿಂದ ಕೇಳಿದಾಗ ನಕ್ಕರು.

"ಜಿಂಕಿ ಪಾಪ ಎಲ್ಲ್ಯರ ಮೇಯ್ಕೋತ ಇರ್ಲಿ ಬಿಡವಾ. ಇದು ಫ್ಯಾಕ್ಟರಿ ಮಸ್ಕ್, ತುರ್ಭೆದಾಗ ಸಿಗ್ತದ. ಮಾಲು ಹೊಸಾದು, ಕೈ ಹಳೇದು."

ಆ ಕೈಗೆ ಅವಸರ ಗೊತ್ತಿರಲಿಲ್ಲ. ಬೆರೆಸಿದ್ದನ್ನು ನಲವತ್ತು ದಿನ ಕಪಾಟಿನಲ್ಲಿ ಸೀರೆಗಳ ನಡುವೆ ಇಡುವರು. ಆಮೇಲೆ ನನ್ನ ಮೇಲೆ ಪರೀಕ್ಷೆ. ಲೋಕಲ್ ಗಾಡಿಯಲ್ಲಿ ತುರ್ಭೆ ದಾಟಿ ಐರೋಲಿಯ ಆಫೀಸಿಗೆ ಹೊರಟವಳನ್ನು ಬಾಗಿಲಲ್ಲಿ ನಿಲ್ಲಿಸಿ, ಗಾಜಿನ ಕಡ್ಡಿಯಿಂದ ಮಣಿಕಟ್ಟಿಗೆ ಒಂದು ಗೆರೆ ಎಳೆದು, ತಿಕ್ಕಬಾರದೆಂದು ಬೈದು ಕಳಿಸುವರು. ಸಂಜೆ ಬಂದೊಡನೆ ಅದೇ ಕೈ ಹಿಡಿದು ಮೂಸುವರು.

"ಗುಲಾಬಿ ತುರ್ಭೆದಾಗ ಇಳದು ಹೋಗ್ತದ. ಗರ್ದಿಯೊಳಗ ಬೆವತು ಮನಿಗೆ ತಿರಗಿ ಬರೂದು ಮಸ್ಕ್ ಒಂದೇ ನೋಡು."

ಮನುಷ್ಯರನ್ನೂ ಅವರು ಹೀಗೇ ಅಳೆಯುತ್ತಿದ್ದರು. ಹೊಸ ವಾಚಮನ್ ಬಹಳ ಒಳ್ಳೆಯವನೆಂದು ಯಾರಾದರೂ ಹೊಗಳಿದರೆ, "ತುರ್ಭೆ ದಾಟ್ಲಿ ತಡೀರಿ" ಎನ್ನುವರು.

ಅವ್ವ ಮತ್ತು ಆಪಾ ದಿನಾ ನಾಲ್ಕಕ್ಕೆ ಚಹಾಕ್ಕೆ ಕೂಡುವರು. ಅವ್ವನೂ ಗಂಡನನ್ನು ಕಳೆದುಕೊಂಡವಳು. ಸಂಕ್ರಾಂತಿಯ ಆಚೀಚೆ ನಮ್ಮ ಮಹಡಿಯ ಮರಾಠಿ ಹೆಂಗಸರು ಅರಿಷಿಣ-ಕುಂಕುಮಕ್ಕೆ ನನ್ನೊಬ್ಬಳನ್ನೇ ಕರೆದು ಹೋಗುವರು. ನಮ್ಮ ಮನೆಗೆ ಬಂದ ಹೆಣ್ಣುಮಕ್ಕಳು ಹೊರಟಾಗಲೂ ಅವ್ವ ಕುಂಕುಮದ ಬಟ್ಟಲನ್ನು ನನ್ನ ಕೈಗೆ ಕೊಟ್ಟು ತಾನು ಹಿಂದೆ ನಿಲ್ಲುವಳು. ಅದನ್ನೆಲ್ಲ ಅವಳು ನುಂಗಿಕೊಂಡಿದ್ದಳು. ನುಂಗಲಾಗದೆ ಉಳಿದದ್ದು ಆಪಾನ ಗಾಜಿನ ಕಡ್ಡಿ. ಬಂದುಹೋಗುವವರಿಗೆಲ್ಲ ಅತ್ತರು ಹಚ್ಚುವ ಆಪಾ ಎರಡು ವರ್ಷದಲ್ಲಿ ಅವ್ವನಿಗೆ ಒಮ್ಮೆಯೂ ಹಚ್ಚಿರಲಿಲ್ಲ.

ಒಂದು ಈದ್ ಹಬ್ಬದ ದಿನ ಶೀರ್ಖುರ್ಮಾ ಮುಗಿದ ಮೇಲೆ ಆಪಾ ಕೆಂಡದ ಮೇಲೆ ಊದಿನ ಚಕ್ಕೆ ಹಾಕಿ ಹೊಗೆ ತಂದರು. ಹೆಂಗಸರೆಲ್ಲರ ಕೈಗೂ ಕಸ್ತೂರಿಯ ಗೆರೆ ಎಳೆಯುತ್ತ ಬಂದರು. ಅವ್ವನೂ ಕೈ ಚಾಚಿದಳು. ಆಪಾ ಆ ಕೈಯನ್ನು ಮೆಲ್ಲಗೆ ಮಡಚಿ, ಪಕ್ಕದವರ ಕೈ ಹಿಡಿದುಕೊಂಡರು.

ಮನೆಗೆ ಬಂದ ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಕುಂಕುಮದವರು ಬಿಟ್ರು, ಆತು. ಇಕಿನೂ ಗಂಡನ್ನ ಕಳಕೊಂಡಾಕಿ. ಇಕಿಗೂ ನಾ ಬ್ಯಾಡಾದೆ?"

ನಾಲ್ಕರ ಚಹಾ ನಿಂತಿತು. ಐದನೆಯ ದಿನ ಆಪಾ ತಾವೇ ಬಾಗಿಲು ಬಡಿದರು. "ವೈನಿ, ಏನ್ ತಪ್ಪ ಮಾಡೀನಿ ಹೇಳ್ರಿ." ಅವ್ವನ ಬದಲು ನಾನೇ ಹೇಳಿದೆ. ಆಪಾ ಹಣೆ ಬಡಿದುಕೊಂಡು ಅಲ್ಲೇ ಕೂತುಬಿಟ್ಟರು.

"ಮಸ್ಕತ್ತಿನಾಗ ಊದು, ಅತ್ತರ ಬಂತಂದ್ರ ಮಾತು ಮುಗೀತು, ಚಪ್ಲಿ ಹುಡುಕ್ಕೋರಿ ಅಂತ ಅರ್ಥ. ಹೋಗೋ ಮಂದಿಗೆ ಹಚ್ಚೂದದು. ನಿಮ್ಮ ಮಗಳು ದಿನಾ ಆಫೀಸಿಗೆ ಹೋಗ್ತಾಳ, ಹಚ್ತೀನಿ. ನಿಮಗ ಹಚ್ಚಿ ಎಲ್ಲಿಗೆ ಕಳಸ್ಲಿ, ವೈನಿ?"

ಅವ್ವ ಎದ್ದು ಚಹಾಕ್ಕೆ ನೀರಿಟ್ಟಳು. ಅಂದಿನಿಂದ ಅವಳಿಗೆ ಅದೊಂದು ಹೆಮ್ಮೆ. "ನನಗ ಹಚ್ಚಂಗಿಲ್ಲ ಅವರು" ಎಂದು ಕೇಳಿದವರಿಗೂ ಕೇಳದವರಿಗೂ ಹೇಳುವಳು.

ಹೋದ ವರ್ಷ ಆಪಾನ ಮಗ ಕಲ್ಯಾಣದಲ್ಲಿ ದೊಡ್ಡ ಮನೆ ತೆಗೆದುಕೊಂಡ. ದೂರವೇನಲ್ಲ, ಠಾಣೆಯಲ್ಲಿ ಗಾಡಿ ಬದಲಿಸಿದರಾಯಿತು. ಆದರೆ ಇಬ್ಬರ ಮೊಣಕಾಲಿಗೂ ಠಾಣೆ ಸ್ಟೇಷನ್ನಿನ ಬ್ರಿಜ್ಜೆಂದರೆ ಬೆಟ್ಟ. ಕೆಳಗೆ ಟೆಂಪೋ ನಿಂತಿದ್ದಾಗ ಆಪಾ ಮಸಾಲೆ ಡಬ್ಬಿ ಹಿಡಿದು ನಮ್ಮ ಬಾಗಿಲಿಗೆ ಬಂದರು. ಅವ್ವ ಎರಡೂ ಕೈ ಸೆರಗಿನೊಳಗೆ ಬಚ್ಚಿಟ್ಟಳು.

"ಹಚ್ಚಬ್ಯಾಡ್ರಿ ಆಪಾ."

"ನಾ ಎಲ್ಲಿ ಹಚ್ತೀನಿ?" ಆಪಾ ನಡುವಿನ ಬಾಟಲಿಯನ್ನೂ ಕಡ್ಡಿಯನ್ನೂ ಅವ್ವನ ಕೈಗಿಟ್ಟು, ತಮ್ಮ ಮಣಿಕಟ್ಟನ್ನು ಮುಂದೆ ಹಿಡಿದರು. "ಇವತ್ತ ಹೋಗಾಕಿ ನಾನು. ನೀವು ಹಚ್ರಿ."

ಅಪ್ಪ ಹೋದಾಗಿನಿಂದ ಅವ್ವ ತನ್ನ ಕೈಯಾರೆ ಯಾರಿಗೂ ಏನೂ ಹಚ್ಚಿ ಕಳಿಸಿದವಳಲ್ಲ. ನನ್ನ ಕಡೆ ನೋಡಿದಳು. ನಾನು ಬಾಟಲಿ ಇಸಿದುಕೊಳ್ಳಲಿಲ್ಲ. ಅವಳು ಎಳೆದ ಗೆರೆ ಸೊಟ್ಟಗಾಯಿತು. ಆಪಾ ಅದನ್ನು ತಿಕ್ಕಲಿಲ್ಲ.

ಅದೇ ಕೊನೆಯ ಭೇಟಿ. ಆಪಾ ನಿದ್ದೆಯಲ್ಲೇ ಹೋದರೆಂದು ಚಳಿಗಾಲದಲ್ಲಿ ಮಗನ ಫೋನು ಬಂತು.

ಆದರೆ ನನಗೆ ನೆನಪಾಗುವುದು ಟೆಂಪೋ ಹೊರಟುಹೋದ ಆ ಮಧ್ಯಾಹ್ನ. ಮೊಣಕಾಲು ನೋವೆಂದು ಮನೆ ಬಿಟ್ಟು ಕದಲದ ಅವ್ವ, ಹಾಲು ತರುತ್ತೇನೆಂದು ಲಿಫ್ಟಿನಲ್ಲಿ ಇಳಿದಳು. ಬರಿಗೈಯಲ್ಲಿ ವಾಪಸ್ಸು ಬಂದಳು. ಕೊತ್ತಂಬರಿ ಬೇಕಿತ್ತೆಂದು ಮತ್ತೆ ಇಳಿದಳು. ಮೂರನೆಯ ಸಲ ಹೊರಟಾಗ ನಾನೂ ಲಿಫ್ಟಿನಲ್ಲಿ ಅವಳ ಪಕ್ಕ ಹೋಗಿ ನಿಂತು ಮೂಗು ಮೇಲೆತ್ತಿದೆ.