ಮಂಜಿನಾಚೆಗೆ ಟೆಲಿಸ್ಕೋಪು ತಿರುಗಿಸಿದವನು

ನೊಲ್ಬೆರ್ತೊ ಕೊಲ್ಕೆಗೆ ಹನ್ನೆರಡು ರಾತ್ರಿಗಳ ಕೂಲಿ ಇನ್ನೂ ಬರಬೇಕು. ಇಪ್ಪತ್ತೆರಡು ವರ್ಷವಾಯಿತು.

ಪಪೊಸೊ ಊರಿನ ಮೇಲಿನ ಗುಡ್ಡದಲ್ಲಿ ಅವನ ಅವ್ವ ಬಲೆ ಕಟ್ಟಿ, ಕಡಲ ಮಂಜಿನಿಂದ ನೀರು ಹಿಡಿಯುತ್ತಿದ್ದಳು. ಮಂಜು ಎಷ್ಟು ದಟ್ಟವಾಗಿದೆ ಎಂದು ಬಲೆಯ ಪಕ್ಕ ನಿಂತು ಹೇಳಲಾಗದು. ಕತ್ತೆ ಹತ್ತಿ ಮಂಜಿನಾಚೆಗೆ ಹೋಗಿ ತಿರುಗಿ ನೋಡಬೇಕು. ಅದು ಮಗನ ಕೆಲಸ.

ಅದೇ ಮಗ ಬೆಳೆದು, ಬೆಟ್ಟದ ನೆತ್ತಿಯ ವೀಕ್ಷಣಾಲಯದಲ್ಲಿ ಟೆಲಿಸ್ಕೋಪು ತಿರುಗಿಸುವ ಕೆಲಸಕ್ಕೆ ಸೇರಿದ. ಎಂಟು ದಿನ ಮೇಲೆ, ಆರು ದಿನ ಮನೆ. ಆಗೆಲ್ಲ ಮೇಲೆ ಜನವಿತ್ತು. ಅಡುಗೆಮನೆಯಲ್ಲಿ ಕುಂಬಳದ ಸೊಪೈಪಿಯಾ ರೊಟ್ಟಿ ಕರಿಯುವ ವಾಸನೆ, ಜಗಳ, ಇಸ್ಪೀಟು. ಮುಷ್ಕರ ಬಂದರೆ ಅದೇ ಬಾಣಲೆಗಳು ಗೇಟಿನ ಮುಂದೆ ತಮಟೆಯಾಗುತ್ತಿದ್ದವು.

ಕೂಲಿ ಕಡಿತವಾದ ಆ ವರ್ಷ ಇಂಗ್ರಿಡ್ ಎಂಬ ವಿಜ್ಞಾನಿ ಬಂದಳು. ಬಹುದೂರದ ಒಂದು ಗ್ಯಾಲಕ್ಸಿ, ಅದರ ನಡುವೆ ಅನಿಲ ನುಂಗುತ್ತ ಧಗಧಗಿಸುವ ಬೆಳಕಿನ ಉಂಡೆ, ಕ್ವೇಸಾರ್. ಹೊರಗಿನಿಂದ ಅನಿಲ ಹರಿದು ಬಂದು ಅದರ ಹೊಟ್ಟೆ ತುಂಬಿಸುತ್ತಿದೆಯೇ ಎಂದು ಅವಳು ಹುಡುಕುತ್ತಿದ್ದಳು. ಮೂರು ರಾತ್ರಿ ಏನೂ ಕಾಣಲಿಲ್ಲ.

"ಚಿತ್ರದ ಅಂಚಲ್ಲಿರೋದು ಖಾಲಿ ಆಕಾಶ. ಅದಕ್ಕೂ ಇರೋ ಮಂಕು ಬೆಳಕನ್ನ ಇಡೀ ಚಿತ್ರದಿಂದ ಕಳೆದ್ರೆ ಏನೂ ಉಳೀತಿಲ್ಲ," ಎಂದಳು.

"ಅಂಚೂ ನಿಮ್ಮ ಅನಿಲದ ಮಂಜಿನೊಳಗೇ ಇದ್ರೆ ತಾಯಿ? ಮಂಜಲ್ಲಿ ಮಂಜು ಕಳೆದ್ರೆ ಸೊನ್ನೆ ತಾನೆ?" ಎಂದ ನೊಲ್ಬೆರ್ತೊ.

"ನೀವು ತಿರುಗಿಸಿ ದೊನ್ ನೊಲ್ಬೆ, ಲೆಕ್ಕ ನನಗಿರಲಿ," ಎಂದು, ದೊನ್ ಎಂಬ ಮರ್ಯಾದೆಯನ್ನು ಮಾತ್ರ ಬಿಡದೆ ಹೇಳಿ, ಅವಳು ಮಲಗಲು ಹೋದಳು.

ನೊಲ್ಬೆರ್ತೊ ಟೆಲಿಸ್ಕೋಪನ್ನು ದೂರದ, ನಿಜವಾಗಿ ಖಾಲಿಯಿದ್ದ ಜಾಗಕ್ಕೆ ತಿರುಗಿಸಿದ. ಯಂತ್ರ ನೋಡಿಕೊಳ್ಳುತ್ತಿದ್ದ ಗೆಳೆಯ ಎಲೆವುತೇರಿಯೊ ಬೆಚ್ಚಿಬಿದ್ದ.

"ಲೇ, ಇಲ್ಲೂ ಕತ್ತೆ ಓಡಿಸ್ತೀಯಾ? ತಲೆ ಹೋಗ್ತದೆ ನೋಡು!"

"ಹೋದ್ರೆ ಹೋಗ್ಲಿ, ಟೋಪಿ ನೀನಿಟ್ಕೋ."

ಅರ್ಧ ಗಂಟೆ ಅಲ್ಲಿಯೇ ನಿಲ್ಲಿಸಿದ.

ಬೆಳಿಗ್ಗೆ ಕಚೇರಿಯ ಚೀಟಿ ಬಂತು: ಅಪ್ಪಣೆಯಿಲ್ಲದೆ ಸಮಯ ಹಾಳು, ಹನ್ನೆರಡು ರಾತ್ರಿಯ ಕೂಲಿ ಕಡಿತ. ಸಂಜೆ ಇಂಗ್ರಿಡ್ ಆ ಖಾಲಿ ಆಕಾಶವನ್ನು ಕಳೆದು ನೋಡಿದಳು. ಗ್ಯಾಲಕ್ಸಿಯ ಸುತ್ತ ಮಸುಕಾದ ಉದ್ದನೆಯ ಹೊಳೆಯೊಂದು ಬಳುಕುತ್ತ ಒಳಗೆ ಇಳಿಯುತ್ತಿತ್ತು.

"ಹರೀತಿದೆ ದೊನ್ ನೊಲ್ಬೆ!" ಎಂದು ಕೂಗಿಕೊಂಡು ಅಡುಗೆಮನೆಗೆ ಓಡಿಬಂದಳು. ಕಚೇರಿಗೂ ಹೋಗಿ ಅವನ ಪರ ಮಾತಾಡಿದಳು. ನಿಯಮ ನಿಯಮವೇ ಎಂದರು. ಕಾರ್ಮಿಕ ಸಂಘದವರು ಎರಡು ದಿನ ಗೇಟಿನಲ್ಲಿ ಕೂತೆದ್ದರು. ಕಡತ ಕದಲಲಿಲ್ಲ.

ಈಗ ಎಲ್ಲವೂ ನಗರದ ಕೋಣೆಯೊಂದರಿಂದ ನಡೆಯುತ್ತದೆ. ಬೆಟ್ಟದ ಅಡುಗೆಮನೆಗೆ ಬೀಗ. ಎಲೆವುತೇರಿಯೊ ಸತ್ತ. ಸಂಘದ ಬಾವುಟ ಯಾರ ಮನೆಯ ಪರದೆಯಾಯಿತೋ. ಪಪೊಸೊದ ಅಂಗಳದಲ್ಲಿ ಚಹಾ ಹಿಡಿದು ಕೂರುವ ನೊಲ್ಬೆರ್ತೊಗೆ ನೆನಪಾಗುವುದು ಕ್ವೇಸಾರ್ ಅಲ್ಲ, ಆ ಇಸ್ಪೀಟಿನ ಜಗಳ. ಆದರೆ ಪ್ರತಿ ವರ್ಷ ಆ ಕೂಲಿ ಕೇಳಿ ಕಚೇರಿಗೆ ಪತ್ರ ಹಾಕುವುದನ್ನು ಬಿಟ್ಟಿಲ್ಲ.

ಪತ್ರಿಕೆಗಳಲ್ಲಿ ಅನಿಲದ ಆ ಹೊಳೆಯ ಚಿತ್ರ ನೋಡಿ ಬೆರಗಿನಿಂದ ಬಾಯಿ ತೆರೆದವರೇ, ಈ ವರ್ಷದ ಪತ್ರಕ್ಕೆ ಅವನೊಬ್ಬನ ಸಹಿ ಸಾಲದು. ನಿಮ್ಮದನ್ನೂ ಹಾಕಿ, ಅವನು ಬದುಕಿರುವಾಗಲೇ.